ತೋಟದೊಳಗೆ ಸಾಧು, ಹೊರಗೆ ಬಂದರೆ ಬೆದರುವ ಕುದುರೆ: ಏನು ಮಾಡಲಿ?

ಕೇಳಿದವರು, ದಾವಣಗೆರೆ ಹತ್ತಿರದ ಹಳ್ಳಿಯಿಂದ:

ನಮ್ಮ ಮನೇಲಿ ಆರು ವರ್ಷದ ಕಾಠಿಯಾವಾಡಿ ಹೆಣ್ಣು ಕುದುರೆ ಇದೆ. ತಂದು ನಾಲ್ಕು ತಿಂಗಳಾಯ್ತು. ತೋಟದ ಒಳಗೆ ಹೇಳಿದ ಹಾಗೆ ಕೇಳುತ್ತಾಳೆ. ಗೇಟು ದಾಟಿ ಭದ್ರಾ ಚಾನಲ್ ಏರಿ ಮೇಲೆ ಹೋದರೆ ಸಾಕು, ಬೇರೆ ಕುದುರೆಯೇ ಆಗಿಬಿಡುತ್ತಾಳೆ. ಮೈಯೆಲ್ಲ ಬಿಗಿ, ಸಣ್ಣ ಸದ್ದಿಗೂ ಪಕ್ಕಕ್ಕೆ ನೆಗೆತ. ಹಂದಿ ಬರದಿರಲಿ ಅಂತ ಮೆಕ್ಕೆಜೋಳದ ಹೊಲಕ್ಕೆ ಹಳೇ ಸೀರೆ ಕಟ್ಟಿರುತ್ತಾರಲ್ಲ, ಅದು ಗಾಳಿಗೆ ಪಟಪಟ ಅಂದಾಗ ಒಮ್ಮೆ ನನ್ನನ್ನು ಕೆಡವಿದಳು. ಮೊನ್ನೆ ಹಿಂದಿನಿಂದ ಬಂದ ಬೈಕಿಗೆ ಬೆದರಿ ಮನೆ ಕಡೆ ತಿರುಗಿ ಓಡಿದಳು. ಅಪ್ಪ "ಮಾರಿಬಿಡು" ಅಂತಾರೆ. ಮಾವ "ಎರಡು ಬಿಗಿ, ಸರಿಹೋಗ್ತಾಳೆ" ಅಂತಾರೆ. ನನಗೆ ಎರಡೂ ಮನಸ್ಸಿಲ್ಲ. ಇಂಥ ಕುದುರೆ ಹತ್ತಿ ಹೊಲದ ದಾರಿಯಲ್ಲಿ ತಿರುಗಾಡಿದವರು ಇದ್ದರೆ ದಯವಿಟ್ಟು ನಿಮ್ಮ ಅನುಭವ ಹೇಳಿ.

ಚಿತ್ರದುರ್ಗದಿಂದ:

ತಂಗಿ, ಮಾವನ ಮಾತು ಮಾತ್ರ ಕೇಳಬೇಡಿ. ನಾನು ಕೇಳಿ ಕೆಟ್ಟವನು.

ನಮ್ಮೂರ ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳು. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಅವುಗಳ ರೆಕ್ಕೆಯ ನೆರಳು ದಾರಿ ಮೇಲೆ ಸರ್ರನೆ ಹಾದುಹೋಗುತ್ತೆ. ನನ್ನ ಕುದುರೆ ಆ ನೆರಳು ಕಂಡಾಗೆಲ್ಲ ಹಿಂದೆ ಹಿಂದೆ ಸರಿಯುತ್ತಿತ್ತು. ನಾನು ಹಿಮ್ಮಡಿ ಒತ್ತಿ, ಚಾಟಿ ಬೀಸಿ ದಾಟಿಸಿದೆ. ದಾಟಿತು, ಸುಳ್ಳಲ್ಲ. ಆದರೆ ಮುಂದಿನ ವಾರ ಆ ಜಾಗ ಇನ್ನೂ ದೂರ ಇರುವಾಗಲೇ ನಡುಗೋಕೆ ಶುರುಮಾಡಿತು. ಮೊದಲು ಬರೀ ನೆರಳಿನ ಭಯ ಇತ್ತು. ಈಗ ನೆರಳು ಬಂದರೆ ಪೆಟ್ಟೂ ಬರುತ್ತೆ ಅಂತ ಕಲಿತುಬಿಟ್ಟಿತ್ತು. ಕಲಿಸಿದವನು ನಾನೇ.

ಆಮೇಲೆ ಒಂದು ದಿನ ಅದು ಎಲ್ಲಿ ಕಿವಿ ನಿಮಿರಿಸಿತೋ ಅಲ್ಲೇ ಇಳಿದೆ. ಲಗಾಮು ಸಡಿಲ ಬಿಟ್ಟು ಪಕ್ಕದಲ್ಲಿ ಸುಮ್ನೆ ನಿಂತೆ. ಮೂಗಿನ ಹೊಳ್ಳೆ ಅರಳಿ ಕೆಂಪಗೆ ಕಾಣುತ್ತಿತ್ತು. ಕುತ್ತಿಗೆ ಮುಟ್ಟಿದರೆ ಮರದ ದಿಮ್ಮಿ. ಬಹಳ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಒಂದು ಕಿವಿ ಮಾತ್ರ ನನ್ನ ಕಡೆ ತಿರುಗಿತು. ಸ್ವಲ್ಪ ಹೊತ್ತಿಗೆ ತಲೆ ಇಳಿಸಿ, ಉದ್ದಕ್ಕೆ ಉಸಿರು ಬಿಟ್ಟು, ತುಟಿ ನೆಕ್ಕಿಕೊಂಡಿತು. ಅಷ್ಟೇ ಸಾಕು ಅಂತ ವಾಪಸ್ ಮನೆಗೆ ಬಂದೆ. ಮಾರನೇ ದಿನ ಹತ್ತು ಹೆಜ್ಜೆ ಮುಂದೆ. ಅದರ ಮಾರನೇ ದಿನ ಇನ್ನೂ ಹತ್ತು. ಎರಡು ವಾರದೊಳಗೆ ನೆರಳಿನ ಮೇಲೇ ನಿಂತು ಹುಲ್ಲು ಮೇಯಿತು. ಹೆದರಿದ ಮೇಲೆ ಹಿಂದೆ ತಿರುಗಿದರೆ ಕುದುರೆ ಓಡೋದನ್ನು ಕಲಿಯುತ್ತೆ. ಸಮಾಧಾನ ಆದ ಮೇಲೆ ತಿರುಗಿದರೆ ಸಮಾಧಾನ ಆಗೋದನ್ನು ಕಲಿಯುತ್ತೆ. ಈ ವ್ಯತ್ಯಾಸ ಗೊತ್ತಾಗೋಕೆ ನನಗೆ ಮೂರು ವರ್ಷ ಬೇಕಾಯ್ತು.

ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕೆ ಇದೆ. ಹೆಚ್ಚುಕಡಿಮೆ ಸುತ್ತಲೂ ಕಾಣುತ್ತೆ. ಹಣೆಯ ನೇರ ಮುಂದೆ ಸ್ವಲ್ಪ ಜಾಗ, ಬಾಲದ ನೇರ ಹಿಂದೆ ಸ್ವಲ್ಪ ಜಾಗ ಮಾತ್ರ ಕಾಣೋದಿಲ್ಲ. ನಿಮ್ಮ ಬೈಕು ಬಂದಿದ್ದು ಆ ಹಿಂದಿನ ಜಾಗದಿಂದಲೇ ಅನ್ನಿಸುತ್ತೆ. ಸದ್ದು ಕೇಳುತ್ತೆ, ಆಳು ಕಾಣೋದಿಲ್ಲ. ಹುಲಿ ಬಂದರೂ ಹಾಗೇ ಬರುತ್ತೆ ಅಲ್ವಾ? ಬೇಟೆಯಾಡಿ ತಿನ್ನೋ ಪ್ರಾಣಿಗಳಿಂದ ಓಡಿ ಬದುಕಿದ ಜಾತಿ ಅದು. ಬೆದರೋದು ಅದರ ಕೊಬ್ಬಲ್ಲ. ಹಿಂದೆ ವಾಹನ ಕೇಳಿಸಿದರೆ ಏರಿ ಅಗಲ ಇರುವ ಕಡೆ ನಿಲ್ಲಿಸಿ, ವಾಹನ ಅವಳ ಒಂದು ಕಣ್ಣಿಗೆ ಕಾಣೋ ಹಾಗೆ ಸ್ವಲ್ಪ ಓರೆ ತಿರುಗಿಸಿ. ಕೈ ಎತ್ತಿ ನಿಧಾನ ಅನ್ನಿ. ನಮ್ಮ ಕಡೆ ಜನ ಒಳ್ಳೆಯವರು, ಆದರೆ ಕುದುರೆ ಕಂಡರೆ ದಾರಿ ಬಿಡಲಿ ಅಂತ ಹಾರ್ನ್ ಹೊಡೀತಾರೆ. ಟ್ರ್ಯಾಕ್ಟರ್ ಆದರೆ ಇಂಜಿನ್ ಆಫ್ ಮಾಡಿ ಅಂತ ಕೇಳೋಕೆ ಸಂಕೋಚ ಬೇಡ.

ಮೊದಲ ಹದಿನೈದು ದಿನ ಹತ್ತಲೇಬೇಡಿ, ಕೈಯಲ್ಲಿ ಹಿಡಿದು ಅದೇ ದಾರಿ ನಡೆಸಿ. ಹೆದರಿಸೋ ವಸ್ತು ಯಾವ ಪಕ್ಕ ಇದೆಯೋ ನೀವು ಆ ಪಕ್ಕ ಇರಿ. ಕುದುರೆ ಅದರಿಂದ ದೂರಕ್ಕೆ ನೆಗೆಯುತ್ತೆ, ನೀವು ಆಚೆ ಪಕ್ಕ ಇದ್ದರೆ ನಿಮ್ಮ ಮೇಲೇ ಬೀಳುತ್ತೆ. ಎದುರಿಗಂತೂ ನಿಲ್ಲಬೇಡಿ, ಭುಜದ ಹತ್ತಿರ ನಿಲ್ಲಿ. ಹಗ್ಗ ಕೈಗೆ ಸುತ್ತಿಕೊಳ್ಳಬೇಡಿ.

ಹತ್ತಿದ ಮೇಲೆ ಆ ಸೀರೆಯನ್ನು ನೀವು ದಿಟ್ಟಿಸಬೇಡಿ. ನೀವು ನೋಡಿದ ಕಡೆ ನಿಮ್ಮ ಮೈ ಬಿಗಿಯುತ್ತೆ, ಅದು ಬೆನ್ನಿಗೆ ಗೊತ್ತಾಗುತ್ತೆ. ದಾರಿಯ ಮುಂದಿನ ಮರ ನೋಡಿ, ಉಸಿರು ಬಿಡಿ. ಓಡಿದರೆ ಎರಡೂ ಲಗಾಮು ಜಗ್ಗಿದಷ್ಟೂ ಅವಳೂ ಜಗ್ಗುತ್ತಾಳೆ. ಒಂದೇ ಕಡೆಯ ಲಗಾಮನ್ನು ನಿಧಾನಕ್ಕೆ ನಿಮ್ಮ ತೊಡೆ ಕಡೆ ತಂದರೆ ಕತ್ತು ತಿರುಗಿ, ಸುತ್ತು ಹೊಡೆದು ನಿಲ್ಲುತ್ತಾಳೆ. ಇದನ್ನು ತೋಟದಲ್ಲಿ ನಡಿಗೆಯಲ್ಲಿ ನೂರು ಸಲ ಕಲಿಸಿ. ಚಾನಲ್ ಏರಿ ಮೇಲೆ ಮಾತ್ರ ಬೇಡ, ಸುತ್ತೋಕೆ ಜಾಗ ಇಲ್ಲ, ನೀರಿಗೆ ಬೀಳ್ತೀರಿ. ಜೋರು ಓಟದಲ್ಲಿ ಒಮ್ಮೆಲೇ ಎಳೆದರೂ ಕಾಲು ತಪ್ಪಿ ಉರುಳಬಹುದು. ಅದಕ್ಕೇ ನಾನು ಹೇಳೋದು, ಸದ್ಯಕ್ಕೆ ಏರಿ ದಾರಿ ಬಿಟ್ಟು ಅಗಲ ಇರುವ ಬಂಡಿ ದಾರಿ ಹುಡುಕಿ.

ಸವಾರಿ ಹೆಲ್ಮೆಟ್ ಇಲ್ಲದೆ ಹತ್ತಬೇಡಿ. ಹಿಮ್ಮಡಿ ಇರುವ ಶೂ ಹಾಕಿ, ಪಾದ ರಿಕಾಪಿನೊಳಗೆ ಪೂರ್ತಿ ತೂರಬಾರದು. ಫೋನು ಜೀನಿನ ಚೀಲದಲ್ಲಿ ಅಲ್ಲ, ನಿಮ್ಮ ಜೇಬಿನಲ್ಲಿ ಇರಲಿ. ಕೆಡವಿ ಓಡಿದರೆ ಫೋನೂ ಅದರ ಜೊತೆ ಹೋಗುತ್ತೆ. ಆಷಾಢದ ಗಾಳಿಯಲ್ಲಿ ಹೊಸ ದಾರಿ ಬೇಡ. ಎಲ್ಲವೂ ಅಲುಗಾಡುವಾಗ ಪಾಪ ಅದಕ್ಕೆ ಯಾವುದನ್ನು ನಂಬಬೇಕು ಗೊತ್ತಾಗೋದಿಲ್ಲ.

ಹರಿಹರದಿಂದ:

ನೋಡವ್ವ, ನಮ್ಮ ಅಜ್ಜ ದಾವಣಗೆರೆ ಸ್ಟೇಷನ್ ಮುಂದೆ ಟಾಂಗಾ ಹೊಡೆಯುತ್ತಿದ್ದರು. ಹೊಸ ಕುದುರೆ ತಂದರೆ ಒಂದು ತಿಂಗಳು ಗಾಡಿಗೆ ಕಟ್ಟುತ್ತಿರಲಿಲ್ಲ. ಹಳೇ ಕುದುರೆಯ ಪಕ್ಕ ಹಗ್ಗ ಹಿಡಿದು ಪೇಟೆಯೆಲ್ಲ ಸುಮ್ನೆ ನಡೆಸೋರು. ಹಳೇದು ಲಾರಿಗೆ ಕಿವಿ ಆಡಿಸದಿದ್ದರೆ ಹೊಸದೂ ನಾಲ್ಕು ದಿನಕ್ಕೆ ಬಿಡುತ್ತಿತ್ತು. ನಿಮ್ಮ ಸುತ್ತ ಯಾರ ಹತ್ತಿರವಾದರೂ ವಯಸ್ಸಾದ, ಸಮಾಧಾನದ ಕುದುರೆ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಅದಕ್ಕಿಂತ ದೊಡ್ಡ ಗುರು ಇಲ್ಲ.

ಕಣ್ಣಿನ ಪಕ್ಕ ಚರ್ಮದ ಮುಚ್ಚಿಗೆ ಹಾಕಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಟಾಂಗಾ ಕುದುರೆಗೆ ಅದು ಸರಿ, ಹಿಂದೆ ಯಾವಾಗಲೂ ಗಾಡಿ ಇರುತ್ತೆ. ನಿಮ್ಮದು ಸವಾರಿ ಕುದುರೆ, ನೋಡಿ ನೋಡಿಯೇ ಅದರ ಭಯ ಹೋಗಬೇಕು.

ಬೈಕಿಗೆ ಒಂದು ಉಪಾಯ. ಮನೆಯವರೇ ಯಾರಾದರೂ ಬೈಕನ್ನು ಅವಳ ಮುಂದೆ ನಿಧಾನ ಓಡಿಸಲಿ, ನೀವು ಅವಳನ್ನು ನಡೆಸಿಕೊಂಡು ಹಿಂದೆ ಹೋಗಿ. ತನ್ನಿಂದ ದೂರ ಹೋಗೋ ವಸ್ತುವನ್ನು ಹಿಂಬಾಲಿಸುವಾಗ ಕುದುರೆಗೆ ಧೈರ್ಯ ಬರುತ್ತೆ. ನಮ್ಮ ಕುದುರೆ ಮೂರನೇ ದಿನಕ್ಕೆ ಬೈಕಿನ ಸೀಟು ಮೂಸಿತು. ಆಮೇಲೆ ಎದುರಿಂದ, ಆಮೇಲೆ ಪಕ್ಕದಿಂದ, ಕೊನೆಗೆ ಹಿಂದಿನಿಂದ. ಈ ಸಾಲು ತಪ್ಪಿಸಬೇಡಿ.

ಇನ್ನೊಂದು, ಮಾತಾಡ್ತಾ ಇರಿ. ಅಜ್ಜ ಬಾಡಿಗೆ ಲೆಕ್ಕವನ್ನೇ ಕುದುರೆಗೆ ಹೇಳುತ್ತಾ ಹೋಗೋರು. ಮಾತಾಡುವವರು ಉಸಿರು ಬಿಗಿಹಿಡಿಯೋಕೆ ಆಗೋದಿಲ್ಲ.

ದಾವಣಗೆರೆಯಿಂದ, ಪಶು ಚಿಕಿತ್ಸೆ ಕೆಲಸದವರು:

ಮೇಲಿನವರು ಹೇಳಿದ್ದೆಲ್ಲ ಮಾಡುವ ಮೊದಲು ಅವಳಿಗೆ ಎಲ್ಲಾದರೂ ನೋವಿದೆಯಾ ನೋಡಿಸಿ. ಹಲ್ಲು ಚೂಪಾಗಿ ಕೆನ್ನೆ ಕೊಯ್ಯುತ್ತಿದ್ದರೆ ಕಡಿವಾಣ ತಾಗಿದಾಗೆಲ್ಲ ತಲೆ ಎತ್ತುತ್ತಾಳೆ. ಜೀನು ಬೆನ್ನಿಗೆ ಸರಿಯಾಗಿ ಕೂರದಿದ್ದರೆ ಬೆನ್ನು ಬಿಗಿಯುತ್ತಾಳೆ. ಒಂದು ಕಣ್ಣು ಮಂದ ಆಗಿದ್ದರೆ ಆ ಪಕ್ಕದ ಸದ್ದಿಗೇ ಬೆದರುತ್ತಾಳೆ. ಯಾವಾಗಲೂ ಒಂದೇ ಪಕ್ಕಕ್ಕೆ ನೆಗೆಯುತ್ತಾಳಾ? ಗಮನಿಸಿ ಹೇಳಿ.

ಲಾಯದಲ್ಲಿ ನೆಮ್ಮದಿಯಾಗಿ ನಿಂತಾಗ ನಾಡಿ ನೋಡಿ. ದವಡೆಯ ಕೆಳಗೆ ಬೆರಳಿಟ್ಟರೆ ಸಿಗುತ್ತೆ. ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44 ಸಹಜ. ಮನೆಯಲ್ಲೇ ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಅದು ಬರೀ ಭಯ ಅಲ್ಲ, ಡಾಕ್ಟರನ್ನು ಕರೆಸಿ.

ಕಾಳು ಎಷ್ಟು ಹಾಕ್ತೀರಿ? ದಿನಕ್ಕೆ ಅರ್ಧ ಗಂಟೆ ಕೆಲಸ ಮಾಡೋ ಕುದುರೆಗೆ ಹುರುಳಿ, ಜೋಳ ತುಂಬಿಸಿದರೆ ಆ ಶಕ್ತಿ ಎಲ್ಲಿಗೆ ಹೋಗಬೇಕು? ಕಾಳು ಇಳಿಸಿ, ಹುಲ್ಲು ಹೆಚ್ಚಿಸಿ, ಬಯಲಲ್ಲಿ ಬಿಡಿ. ನಮ್ಮದು ಮೆಕ್ಕೆಜೋಳದ ಸೀಮೆ, ಅದಕ್ಕೇ ಒತ್ತಿ ಹೇಳ್ತೀನಿ: ಬೂಷ್ಟು ಹಿಡಿದ ಮೆಕ್ಕೆಜೋಳ ಒಂದು ಹಿಡಿಯೂ ಹಾಕಬೇಡಿ. ದನಕ್ಕೆ ಹಾಕಿದರೆ ಏನೂ ಆಗಲಿಲ್ಲ ಅಂತ ಕುದುರೆಗೂ ಹಾಕ್ತಾರೆ. ಆ ಬೂಷ್ಟಿನಲ್ಲಿ ಬರುವ ಫ್ಯುಮೋನಿಸಿನ್ ಅನ್ನೋ ವಿಷ ಕುದುರೆಯ ಮೆದುಳನ್ನೇ ಕರಗಿಸುತ್ತೆ. ತೂರಾಡುತ್ತೆ, ಕಣ್ಣು ಕಾಣದಂತಾಗುತ್ತೆ, ಕೆಲವು ಹುಚ್ಚು ಹಿಡಿದಂತೆ ಆಡುತ್ತವೆ. ಅದಕ್ಕೆ ಔಷಧಿ ಇಲ್ಲ.

ಬಳ್ಳಾರಿ ಜಾಲಿ ದಾರಿಯಲ್ಲಿ ಹೋಗ್ತೀರಿ, ಮುಳ್ಳು ಚುಚ್ಚುತ್ತೆ. ಕುದುರೆಗೆ ಧನುರ್ವಾಯು ಬೇಗ ಹಿಡಿಯುತ್ತೆ. ಅವಳಿಗೆ ಲಸಿಕೆ ಹಾಕಿಸಿ, ನೀವೂ ಹಾಕಿಸಿಕೊಳ್ಳಿ.

ಚಳ್ಳಕೆರೆಯಿಂದ:

ಮನೆ ಕಡೆ ಬರುವಾಗ ಎಂದೂ ಓಡಿಸಬೇಡಿ. ಮನೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಇಳಿದು ನಡೆಸಿಕೊಂಡು ಬನ್ನಿ. ನಾನು ಕಡಲೆಕಾಯಿ ಹೊಲದ ನಡುವೆ ಒಂದೇ ಸಲ ಓಡಿಸಿದ್ದಕ್ಕೆ ಆರು ತಿಂಗಳು ಅನುಭವಿಸಿದೆ. ಹೋಗುವಾಗ ಕಂಡ ಬಂಡೆಯೇ ಬರುವಾಗ ಇನ್ನೊಂದು ಪಕ್ಕದಿಂದ ಬೇರೆ ಥರ ಕಾಣುತ್ತೆ, ಅದಕ್ಕೆ ಮತ್ತೆ ಬೆದರಿದರೆ ಬೈಯಬೇಡಿ.

ಕೇಳಿದವರು, ಮೂರು ವಾರದ ಮೇಲೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಲ್ಲು ನೋಡಿಸಿದೆ, ಎಡಗಡೆ ಒಂದು ಚೂಪಾಗಿತ್ತು, ಉಜ್ಜಿದರು. ಹುರುಳಿ ಅರ್ಧ ಮಾಡಿದೆ. ಅಮ್ಮನ ಹಳೇ ಸೀರೆ ಒಂದನ್ನು ಮಡಚಿ ಅವಳು ಹುಲ್ಲು ತಿನ್ನೋ ಜಾಗದಿಂದ ದೂರದ ಬೇಲಿಗೆ ಕಟ್ಟಿದೆ. ದಿನಾ ಒಂದೊಂದು ಮಡಿಕೆ ಬಿಚ್ಚಿ, ಒಂದೊಂದು ಕಂಬ ಹತ್ತಿರ ತಂದೆ. ಒಂಬತ್ತನೇ ದಿನ ಸೆರಗನ್ನು ತುಟಿಯಲ್ಲಿ ಹಿಡಿದು ಎಳೆದಳು. ಅಪ್ಪ ಜಗಲಿ ಮೇಲೆ ಕೂತು ನೋಡ್ತಾ ಇದ್ದರು. ಮಾರೋ ಮಾತು ಆಮೇಲೆ ಎತ್ತಿಲ್ಲ.

ಹೊರಗೆ ಬಂಡಿ ದಾರಿಯಲ್ಲಿ ಈಗ ಬೇವಿನ ಮರದವರೆಗೆ ನಡೆಸಿಕೊಂಡು ಹೋಗಿ ಬರ್ತೀವಿ. ಸೀರೆ ಕಟ್ಟಿದ ಹೊಲ ಬಂದಾಗ ನಿಲ್ಲುತ್ತಾಳೆ, ನೋಡುತ್ತಾಳೆ, ಉಸಿರು ಬಿಟ್ಟು ಹೆಜ್ಜೆ ಹಾಕುತ್ತಾಳೆ. ಇನ್ನೂ ಹತ್ತಿಲ್ಲ. ತಮ್ಮನ ಬೈಕಿನ ಹಿಂದೆ ಐದು ದಿನದಿಂದ ನಡೀತಿದ್ದಾಳೆ, ಎದುರಿಂದ ಬಂದರೂ ಪರವಾಗಿಲ್ಲ. ನಾಳೆ ಪಕ್ಕದಿಂದ ತರ್ತಾನೆ. ಮೊದಲ ದಿನ ಇಂಜಿನ್ ಆಫ್ ಮಾಡಿ, ತಳ್ಳಿಕೊಂಡು.