ಪದಚರ್ಚೆ: ‘ಸ್ಟ್ರಿಪ್ ಪೀಸಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಹೊಲಿಗೆಯ ಮಾತಿಗೆ ಕನ್ನಡ ಪದ ಬೇಕಾಗಿದೆ. ಧಾರವಾಡದ ನಮ್ಮ ಓಣಿಯಲ್ಲಿ ಎಂಟು ಜನ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಸೇರಿ ಕೌದಿ ಹೊಲಿಯುತ್ತೇವೆ. ಈ ಸಲ ‘ಸ್ಟ್ರಿಪ್ ಪೀಸಿಂಗ್’ ಅನ್ನುವ ಅಮೆರಿಕದ ವಿಧಾನ ಮಾಡಿ ನೋಡುತ್ತಿದ್ದೇವೆ. ಎಲ್ಲರಿಗೂ ಕೊಡೋಣ ಅಂತ ಒಂದು ಪುಟದ ಚೀಟಿ ಬರೆಯಲು ಕೂತೆ. ತಲೆಬರಹದಲ್ಲೇ ಪೆನ್ನು ನಿಂತಿತು. ಇಂಗ್ಲಿಷ್ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಬರೆದುಬಿಡಬಹುದಿತ್ತು. ಆದರೆ ನಮ್ಮಲ್ಲಿ ಮೂವರಿಗೆ ಆ ಹೆಸರು ಕೇಳಿ ಏನೂ ತಿಳಿಯುವುದಿಲ್ಲ, ಅವರೇ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಲಿಯುವವರು.

ವಿಧಾನ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಒಂಬತ್ತು ಚೌಕದ ಒಂದು ವಿನ್ಯಾಸ ಬೇಕು ಅಂದುಕೊಳ್ಳಿ, ಗಾಢ ಬಣ್ಣ ಒಂದು, ತಿಳಿ ಬಣ್ಣ ಒಂದು. ಒಂದೊಂದೇ ಚೌಕ ಕತ್ತರಿಸಿ ಜೋಡಿಸುವುದಿಲ್ಲ. ಎರಡೂವರೆ ಇಂಚು ಅಗಲದ ಉದ್ದುದ್ದ ಪಟ್ಟಿಗಳನ್ನು ತೆಗೆದುಕೊಂಡು, ಮೂರು ಮೂರನ್ನು ಉದ್ದಕ್ಕೆ ಸೇರಿಸಿ ಹೊಲಿಯುತ್ತೇವೆ. ಕೆಲವು ಗಾಢ-ತಿಳಿ-ಗಾಢ, ಕೆಲವು ತಿಳಿ-ಗಾಢ-ತಿಳಿ. ಆಮೇಲೆ ಹೊಲಿದ ಆ ಬಟ್ಟೆಯನ್ನೇ ಅಡ್ಡಕ್ಕೆ ಎರಡೂವರೆ ಇಂಚಿಗೊಂದರಂತೆ ಕತ್ತರಿಸುತ್ತೇವೆ. ಈಗ ಒಂದೊಂದು ತುಂಡಿನಲ್ಲೂ ಮೂರು ಚೌಕ ಆಗಲೇ ಕೂಡಿಕೊಂಡಿರುತ್ತವೆ. ಅಂಥ ಮೂರು ತುಂಡು ಅದಲುಬದಲು ಮಾಡಿ ಸೇರಿಸಿದರೆ ಒಂಬತ್ತು ಚೌಕ ತಯಾರು. 44 ಇಂಚು ಪನ್ನಾದ ಬಟ್ಟೆಯಲ್ಲಿ ಗಾಢ ಪಟ್ಟಿ ಐದು, ತಿಳಿ ಪಟ್ಟಿ ನಾಲ್ಕು ಇದ್ದರೆ 17 ವಿನ್ಯಾಸ ಬರುತ್ತವೆ. ಅಂದರೆ 153 ಚೌಕ. ಅಷ್ಟನ್ನೂ ಬಿಡಿಬಿಡಿಯಾಗಿ ಕತ್ತರಿಸುವ ಕೆಲಸವೇ ಇಲ್ಲ.

ಮೊದಲ ದಿನ ಮೂರು ಪಟ್ಟಿ ಸೇರಿಸಿ, ಇಸ್ತ್ರಿ ಮಾಡಿ, ಕತ್ತರಿ ಕೈಗೆ ತೆಗೆದುಕೊಂಡೆ. ಪಕ್ಕದಲ್ಲಿ ಕೂತಿದ್ದ ನಮ್ಮ ಅತ್ತೆ ನನ್ನ ಕೈ ಹಿಡಿದರು. “ಅಲ್ಲವ್ವಾ, ಹೊಲ್ದದ್ದನ್ನ ಮತ್ಯಾಕ ಕತ್ತರಸ್ತೀ?”

“ಅತ್ತಿ, ಕತ್ತರಿಸಿದ ಮ್ಯಾಲೆ ನೋಡ್ರಿ” ಅಂದೆ. ಕತ್ತರಿಸಿ, ತಿರುಗಿಸಿ ಇಟ್ಟು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, “ಓ, ಪಟಾಪಟಿ ಮಾಡಿ ಅದನ್ನ ಚೌಕಡಿ ಮಾಡೂದು” ಅಂದರು. ಒಂದೇ ಸಾಲಿನಲ್ಲಿ ಇಡೀ ವಿಧಾನ ಹೇಳಿಬಿಟ್ಟರು. ನನ್ನ ಚೀಟಿಯಲ್ಲಿ ಅದೇ ಮಾತಿಗೆ ಆರು ಸಾಲು ಹಿಡಿದಿತ್ತು.

ಅತ್ತೆಯ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕನ್ನಡದಲ್ಲಿ ಇದಕ್ಕೆ ಪದ ಯಾಕಿಲ್ಲ ಅನ್ನುವುದಕ್ಕೆ ಉತ್ತರ ಅದರಲ್ಲೇ ಇದೆ ಅನ್ನಿಸಿತು. ಇಂಗ್ಲಿಷ್‌ನಲ್ಲಿ ಎರಡು ಕೆಲಸಕ್ಕೆ ಎರಡು ಮಾತಿವೆ. ತುಂಡು ತುಂಡು ಸೇರಿಸಿ ಮೇಲಿನ ಪದರ ಮಾಡುವುದು ‘ಪೀಸಿಂಗ್’. ಆಮೇಲೆ ಮೇಲಿನ ಪದರ, ನಡುವಿನ ಹತ್ತಿ, ಕೆಳಗಿನ ಬಟ್ಟೆ ಮೂರನ್ನೂ ಕೂಡಿಸಿ ಹೊಲಿಯುವುದು ‘ಕ್ವಿಲ್ಟಿಂಗ್’. ಕೌದಿಯಲ್ಲಿ ಈ ಎರಡು ಬೇರೆ ಬೇರೆ ಅಲ್ಲ. ಕೆಳಗೆ ಹಳೆ ಸೀರೆ ಹಾಸುತ್ತೇವೆ, ಅದರ ಮೇಲೆ ತುಂಡು ಇಡುತ್ತೇವೆ, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಒಳಗೆ ಹೊಲಿಗೆ ಹಾಕುತ್ತಾ ಹೋಗುತ್ತೇವೆ. ತುಂಡು ಸೇರಿಸುವ ಹೊಲಿಗೆಯೂ ಅದೇ, ಪದರ ಹಿಡಿಯುವ ಹೊಲಿಗೆಯೂ ಅದೇ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯುವ ‘ಕವಂದಿ’ಯೂ ಹೀಗೇ ಅಂಚಿನಿಂದ ನಡುವಿಗೆ ಬರುತ್ತದೆ. ಕೊನೆಗೆ ನಾಲ್ಕು ಮೂಲೆಗೆ ಮಡಚಿದ ತುಂಡಿನ ‘ಫೂಲ’ ಇಡುತ್ತಾರೆ. ಅದಿಲ್ಲದ ಕವಂದಿ ಅವರಿಗೆ ಬೆತ್ತಲೆ ಇದ್ದ ಹಾಗೆ.

ಹಾಗಾಗಿ ‘ಕೌದಿ ಹೊಲಿಯುವುದು’ ಅಂದರೆ ಸಾಕಿತ್ತು. ಬೇರೆ ಕ್ರಿಯಾಪದದ ಗರಜೇ ಬೀಳಲಿಲ್ಲ. ಇದು ಭಾಷೆಯ ಬಡತನ ಅಲ್ಲ. ಕೆಲಸ ಒಂದೇ ಇತ್ತು, ಮಾತೂ ಒಂದೇ ಇತ್ತು. ಈಗ ಕೆಲಸ ಎರಡಾಗಿದೆ. ಮಾತೂ ಎರಡು ಬೇಕು ಅಲ್ವಾ?

ಹೊದೆಯುವ ವಸ್ತುವಿಗಂತೂ ನಮ್ಮಲ್ಲಿ ಹೆಸರಿಗೆ ಕೊರತೆಯಿಲ್ಲ. ಕೌದಿ ಇದೆ, ಕಂಥೆ ಇದೆ, ಬೊಂತೆ ಇದೆ. ಬಂಗಾಳದವರ ಕಾಂಥಾ ನಮ್ಮ ಕಂಥೆಯ ಬಳಗದ್ದೇ. ವಚನಗಳಲ್ಲಿ ‘ಕಂಥೆ’ ಬರುತ್ತದೆ. ಶರಣೆ ಬೊಂತಾದೇವಿಗೆ ಆ ಹೆಸರು ಬಂದದ್ದೇ ಬೊಂತೆಯಿಂದ ಅಂತ ಕಥೆ ಹೇಳುತ್ತದೆ. ಎಲ್ಲ ಬಿಟ್ಟು ಬೆತ್ತಲೆ ಹೊರಟವಳಿಗೆ ಶಿವ ಬೊಂತೆ ಕೊಟ್ಟನಂತೆ. ಆಂಧ್ರದ ಗಡಿಯ ಕಡೆಯವರು ಈಗಲೂ ಮನೆಯಲ್ಲಿ ‘ಬೊಂತೆ’ ಅನ್ನುತ್ತೀರಾ? ಅನ್ನುವುದಾದರೆ ಯಾವ ಊರು ಅಂತ ದಯವಿಟ್ಟು ಬರೆಯಿರಿ.

ಈಗ ‘ಸ್ಟ್ರಿಪ್’ ಹತ್ತಿರ ಬರೋಣ. ಎಲ್ಲರಿಗೂ ಮೊದಲು ಹೊಳೆಯುವುದು ‘ಪಟ್ಟಿ’. ನಾನೂ ಮೊದಲು ‘ಪಟ್ಟಿ ಜೋಡಣೆ’ ಅಂತಲೇ ಬರೆದಿದ್ದೆ. ಓದಿದ ಒಬ್ಬ ಹುಡುಗಿ “ಆಂಟಿ, ಯಾರ ಹೆಸರು ಸೇರಿಸಬೇಕು?” ಅಂತ ಕೇಳಿದಳು. ಮತದಾರರ ಪಟ್ಟಿ, ಸಾಮಾನಿನ ಪಟ್ಟಿ ಅವಳ ತಲೆಯಲ್ಲಿತ್ತು. ‘ಪಟ್ಟಿ ಕೂಡಿಸುವುದು’ ಅಂತ ಬದಲಿಸಿದೆ. ಅದು ನಮ್ಮ ಕಡೆ ಜಾತ್ರೆಗೆ ದುಡ್ಡು ಎತ್ತುವ ಹಾಗೆ ಕೇಳಿಸಿತು. ‘ಕೂಡಿಕೆ’ ಅಂತ ನಾಮಪದ ಮಾಡಲು ಹೋದರೆ ಇನ್ನೂ ಕಷ್ಟ. ಎರಡನೇ ಮದುವೆಗೆ ಆ ಮಾತು ಬಳಕೆಯಲ್ಲಿದೆ. ಹಿರಿಯರ ಮುಂದೆ ಓದಲು ನನಗೆ ಮನಸ್ಸಾಗಲಿಲ್ಲ.

ಆಮೇಲೆ ಒಂದು ಗಮನಕ್ಕೆ ಬಂತು. ಪಟ್ಟಿಯ ಅರ್ಥ ತೀರ್ಮಾನ ಮಾಡುವುದು ಅದರ ಜೊತೆಗೆ ಬರುವ ಕ್ರಿಯಾಪದ. ಪಟ್ಟಿ ಮಾಡು ಅಂದರೆ ಹೆಸರು ಬರೆಯುವುದು. ಪಟ್ಟಿ ಎತ್ತು ಅಂದರೆ ಚಂದಾ. ಪಟ್ಟಿ ಕಟ್ಟು ಅಂದರೆ ಗಾಯಕ್ಕೆ. ಹಾಗಾದರೆ ‘ಪಟ್ಟಿ ಹಚ್ಚು’? ತೇಪೆ ಹಚ್ಚುತ್ತೇವೆ, ಸೀರೆಗೆ ಫಾಲ್ ಹಚ್ಚುತ್ತೇವೆ. ಬಟ್ಟೆಗೆ ಬಟ್ಟೆ ಸೇರಿಸುವುದಕ್ಕೆ ‘ಹಚ್ಚು’ ನಮ್ಮ ಕಡೆ ಬಾಯಿಗೆ ತಾನಾಗಿ ಬರುತ್ತದೆ. ನನ್ನ ಒಲವು ಇದರ ಕಡೆಗೇ ಇದೆ: ‘ಪಟ್ಟಿ ಹಚ್ಚುವುದು’, ‘ಪಟ್ಟಿ ಹಚ್ಚಿದ ಕೌದಿ’. ಮೈಸೂರು, ಮಂಡ್ಯ, ಹಾಸನದ ಕಡೆಯವರು ಹೇಳಬೇಕು. ನಿಮಗೆ ‘ಹಚ್ಚು’ ಅಂದರೆ ಎಣ್ಣೆ ಹಚ್ಚುವುದು, ದೀಪ ಹಚ್ಚುವುದು ಮಾತ್ರ ನೆನಪಿಗೆ ಬರುತ್ತದಾ? ಬಟ್ಟೆಗೂ ಹೇಳುತ್ತೀರಾ?

ನಮ್ಮ ಅತ್ತೆ ಪಟ್ಟಿ ಅನ್ನುವುದೇ ಇಲ್ಲ. ಅವರಿಗೆ ಅದು ‘ಲಾಡಿ’. ಅವರು ಕತ್ತರಿಯಿಂದ ಉದ್ದಕ್ಕೆ ಕತ್ತರಿಸುವುದೂ ಇಲ್ಲ. ಅಂಚಿನಲ್ಲಿ ಸಣ್ಣ ಕಚ್ಚು ಹಾಕಿ ಎರಡೂ ಕೈಯಿಂದ ಪರ್ ಅಂತ ಹರಿಯುತ್ತಾರೆ. ಬಟ್ಟೆ ಎಳೆಯ ಗುಂಟ ಹರಿಯುವುದರಿಂದ ಅಗಲ ಎಲ್ಲೂ ಹೆಚ್ಚುಕಮ್ಮಿ ಆಗುವುದಿಲ್ಲ. ನಾನು ಸ್ಕೇಲ್ ಇಟ್ಟು ಕತ್ತರಿಸಿದ ಪಟ್ಟಿಗಿಂತ ಅವರ ಲಾಡಿ ನೆಟ್ಟಗಿತ್ತು. ಗುಳೇದಗುಡ್ಡದ ಖಣದಲ್ಲಿ ಮಾತ್ರ ಇದು ನಡೆಯಲಿಲ್ಲ. ಹರಿದ ಕಡೆ ಎಳೆ ಜಾಸ್ತಿ ಬಿಟ್ಟುಕೊಂಡಿತು. ಖಣಕ್ಕೆ ಕತ್ತರಿಯೇ ಬೇಕು.

ಪಟ್ಟಿ ಸೇರಿಸಿ ಆದ ಬಟ್ಟೆಗೆ, ಇಂಗ್ಲಿಷ್‌ನ ‘ಸ್ಟ್ರಿಪ್ ಸೆಟ್’ಗೆ, ಅತ್ತೆಯ ‘ಪಟಾಪಟಿ’ಗಿಂತ ಒಳ್ಳೆ ಹೆಸರು ನನಗೆ ಸಿಗಲಿಲ್ಲ. ಪಟಾಪಟಿ ಚಡ್ಡಿ ಎಲ್ಲರಿಗೂ ಗೊತ್ತು. ನಾಮಪದವಾಗಿ ‘ಒಂದು ಪಟಾಪಟಿ, ಎರಡು ಪಟಾಪಟಿ’ ಅಂತ ಎಣಿಸುವುದು ಹೊಸತು, ಆದರೆ ನಮ್ಮ ಗುಂಪಿನಲ್ಲಿ ಎರಡೇ ವಾರದಲ್ಲಿ ರೂಢಿಯಾಯಿತು. ಅಡ್ಡಕ್ಕೆ ಕತ್ತರಿಸಿದ ತುಂಡಿಗೆ ‘ಹೋಳು’ ಅಂತ ಬರೆದಿದ್ದೇನೆ, ಬದನೆಕಾಯಿ ಹೋಳು ಇದ್ದ ಹಾಗೆ. ಒಂಬತ್ತು ಚೌಕದ ಪೂರ್ತಿ ವಿನ್ಯಾಸಕ್ಕೆ ‘ಮನೆ’. ಚೌಕಾಬಾರದಲ್ಲಿ, ಚದುರಂಗದಲ್ಲಿ ಮನೆ ಅನ್ನುತ್ತೇವಲ್ಲ, ಅದೇ.

ಅಳತೆಯ ಮಾತೊಂದು ತುಂಬಾ ಉಪಯೋಗಕ್ಕೆ ಬಂತು. ಈ ಕೆಲಸದಲ್ಲಿ ಹೊಲಿಗೆಯ ಆಚೆ ಬಿಡುವ ಬಟ್ಟೆ ಕಾಲಿಂಚು ಇರಲೇಬೇಕು. ಟೇಲರ್ ಅಂಗಡಿಯಲ್ಲಿ ‘ಮಾರ್ಜಿನ್’ ಅನ್ನುತ್ತಾರೆ. ಬಡಗಿಗಳ ಲೆಕ್ಕದಲ್ಲಿ ಕಾಲಿಂಚು ಅಂದರೆ ಎರಡು ನೂಲು. ಮೂರು ಪಟ್ಟಿ ಸೇರಿದಾಗ ಪಟಾಪಟಿ ಸರಿಯಾಗಿ ಆರೂವರೆ ಇಂಚು ಆಗಬೇಕು. ನನ್ನದು ಆರೂಕಾಲು ಆಗಿತ್ತು. ಒಂದೊಂದು ಹೊಲಿಗೆಯಲ್ಲಿ ಎರಡೂ ಕಡೆ ಅರ್ಧರ್ಧ ನೂಲು ಜಾಸ್ತಿ ಹಿಡಿದಿದ್ದೆ, ಅಷ್ಟೇ. ಎರಡು ಹೊಲಿಗೆಗೆ ಪೂರ್ತಿ ಎರಡು ನೂಲು ಹೋಯಿತು, ಮನೆಗೆ ಮನೆ ಕೂಡಲೇ ಇಲ್ಲ. ‘ಅರ್ಧ ನೂಲು ತಪ್ಪಿದೆ’ ಅಂದ ಕೂಡಲೇ ಎಲ್ಲರಿಗೂ ತಿಳಿಯಿತು. ಇಂಚಿನ ಹದಿನಾರನೇ ಒಂದು ಭಾಗ ಅಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಇಸ್ತ್ರಿ ಮಾಡುವಾಗ ಮಾರ್ಜಿನ್ ಎರಡನ್ನೂ ಗಾಢ ಬಣ್ಣದ ಕಡೆಗೇ ಮಡಚಬೇಕು. ಹಾಗೆ ಮಾಡಿದರೆ ಒಂದು ಹೋಳಿನ ಉಬ್ಬು ಇನ್ನೊಂದರ ತಗ್ಗಿನಲ್ಲಿ ಹೋಗಿ ಕೂರುತ್ತದೆ, ಮೂಲೆಗೆ ಮೂಲೆ ಸರಿ ಹೊಂದುತ್ತದೆ. ಇಂಗ್ಲಿಷ್‌ನಲ್ಲಿ ಇದಕ್ಕೆ ‘ಗೂಡು’ ಅನ್ನುವ ಪದದಿಂದ ಬಂದ ಮಾತಿದೆ. ನಾನು ‘ಕಚ್ಚಿಕೊಳ್ಳುವುದು’ ಅಂತ ಬರೆದಿದ್ದೇನೆ. ಬೆರಳಿಗೆ ಹಾಗೇ ಅನ್ನಿಸುತ್ತದೆ, ಎರಡು ಹೊಲಿಗೆ ಒಂದನ್ನೊಂದು ಕಚ್ಚಿ ಹಿಡಿದ ಹಾಗೆ.

ಈ ವಿಧಾನ ಎಲ್ಲಿಯದು ಅಂತ ಗುಂಪಿನಲ್ಲಿ ಕೇಳಿದರು. ಫ್ಲಾರಿಡಾದ ಸೆಮಿನೋಲ್ ಮೂಲನಿವಾಸಿ ಹೆಂಗಸರು ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ ಸಿಕ್ಕ ಮೇಲೆ, 20ನೇ ಶತಮಾನದ ಮೊದಲ ದಶಕಗಳಲ್ಲಿ, ಪಟ್ಟಿ ಸೇರಿಸಿ ಕತ್ತರಿಸಿ ಮತ್ತೆ ಸೇರಿಸುವ ಬಹಳ ಸಣ್ಣ ಕುಸುರಿಯ ಬಟ್ಟೆ ಮಾಡಿದರು. ಅವರು ಓರೆಯಾಗಿಯೂ ಕತ್ತರಿಸುತ್ತಾರೆ, ಶಂಕರಪೋಳಿಯ ಹಾಗೆ. ಎಲ್ಲ ಕಡೆ ಇದು ಸುಲಭವಾದದ್ದು 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಚಕ್ರದ ಅಲಗಿನ ಕಟರ್ ತಂದ ಮೇಲೆ. ಓಲ್ಫಾ ಅನ್ನುವ ಹೆಸರು ಜಪಾನಿ ಭಾಷೆಯ ‘ಮುರಿಯುವ ಅಲಗು’ ಅನ್ನುವ ಮಾತಿನಿಂದ ಆದದ್ದು, ಅವರ ಹಳೆಯ ಚಾಕುವಿನ ನೆನಪಿಗೆ. ಆ ಕಟರ್‌ಗೆ ನಮ್ಮವರು ಹೆಸರು ಹುಡುಕಲೇ ಇಲ್ಲ. ನೋಡಿದ ಕೂಡಲೇ ‘ಕರ್ಚಿಕಾಯಿ ಚಕ್ರ’ ಅಂದರು.

ನನಗೆ ಬೇಕಾದದ್ದು ಇಷ್ಟು. ‘ಪಟ್ಟಿ ಹಚ್ಚುವುದು’ ನಿಮ್ಮ ಊರಿನ ಕಿವಿಗೆ ಸರಿ ಕೇಳುತ್ತದಾ? ನಿಮ್ಮ ಮನೆಯಲ್ಲಿ ಕೌದಿ ಹೊಲಿಯುವ ಅಜ್ಜಿ, ಅವ್ವ, ದೊಡ್ಡಮ್ಮ ಇದ್ದರೆ ಅವರ ಮುಂದೆ ಮೂರು ತುಂಡು ಬಟ್ಟೆ ಇಟ್ಟು, ಇವನ್ನು ಉದ್ದಕ್ಕೆ ಸೇರಿಸುವುದಕ್ಕೆ ಏನಂತೀರಿ ಅಂತ ಕೇಳಿ. ಸುಮ್ನೆ ಬಾಯಲ್ಲಿ ಕೇಳಬೇಡಿ, ಬಟ್ಟೆ ಇಟ್ಟೇ ಕೇಳಿ. ಅವರು ಅಂದದ್ದನ್ನು ಅಂದ ಹಾಗೇ, ಊರಿನ ಹೆಸರಿನ ಜೊತೆ ಬರೆಯಿರಿ. ಬರುವ ಗುರುವಾರ ಚೀಟಿ ಝೆರಾಕ್ಸ್‌ಗೆ ಕೊಡಬೇಕು. ತಲೆಬರಹದ ಜಾಗ ಖಾಲಿ ಬಿಟ್ಟಿದ್ದೇನೆ.