ಸಹಾಯ ಬೇಕು: ಕುಟುಂಬ ವೈದ್ಯರ ಕ್ಲಿನಿಕ್‌ನಲ್ಲಿ ವಿದ್ಯಾರ್ಥಿಗಳಿಗೆ ಅವಕಾಶ

ಮಾನ್ಯರೇ, ದಾವಣಗೆರೆಯಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನಗೆ ಹರಿಹರ, ಜಗಳೂರು, ಚನ್ನಗಿರಿ ಕಡೆಯ ಕುಟುಂಬ ವೈದ್ಯರ ಸಹಾಯ ಬೇಕಾಗಿದೆ. ಕುಟುಂಬ ವೈದ್ಯಶಾಸ್ತ್ರದಲ್ಲಿ ಮೂರು ವರ್ಷಗಳ ಡಿಎನ್‌ಬಿ (ಎಂಬಿಬಿಎಸ್ ನಂತರದ ತಜ್ಞ ಪದವಿ) ಇದ್ದರೂ, ಪಿಜಿ ಕೌನ್ಸೆಲಿಂಗ್ ಹೊತ್ತಿಗೆ ನಮ್ಮ ಹುಡುಗರ ಬಾಯಲ್ಲಿ ರೇಡಿಯಾಲಜಿ, ಚರ್ಮರೋಗಗಳದ್ದೇ ಮಾತು; ಕಲಿಕೆಯೆಲ್ಲ ದೊಡ್ಡಾಸ್ಪತ್ರೆಯ ವಾರ್ಡಿನಲ್ಲೇ ನಡೆಯುವುದರಿಂದ ಅವರನ್ನು ದೂರುವಂತೆಯೂ ಇಲ್ಲ. ಅಜ್ಜಿಯ ಬಿ.ಪಿ. ನೋಡುತ್ತಲೇ ಜೊತೆಗೆ ಬಂದ ಸೊಸೆಯ ಮುಖ ಬಿಳಿಚಿರುವುದನ್ನು ಗಮನಿಸಿ, ಅವಳ ಕೆಳರೆಪ್ಪೆ ಎಳೆದು ನೋಡಿ, ಹಿಮೋಗ್ಲೋಬಿನ್ ಪರೀಕ್ಷೆಗೆ ಚೀಟಿ ಬರೆಯುವ ವೈದ್ಯರನ್ನು ಅವರಲ್ಲಿ ಬಹುತೇಕರು ಹತ್ತಿರದಿಂದ ಕಂಡೇ ಇಲ್ಲ. ವಿದ್ಯಾರ್ಥಿಗಳು ಕೆಲವು ಕುಟುಂಬಗಳ ಆರೋಗ್ಯವನ್ನು ಗಮನಿಸುತ್ತಾ ಬರುವ ಪಠ್ಯಕ್ರಮದ ಕುಟುಂಬ ದತ್ತು ಕಾರ್ಯಕ್ರಮದಡಿ ಮನೆಗಳಿಗೆ ಹೋಗುತ್ತಾರೆ ನಿಜ, ಅಷ್ಟು ಸಾಲದೆಂಬುದು ನನ್ನ ಅನಿಸಿಕೆ. ಆದ್ದರಿಂದ ರೋಗಿಗಳ ಒಪ್ಪಿಗೆ ಪಡೆದು, ಇಬ್ಬರು ವಿದ್ಯಾರ್ಥಿಗಳನ್ನು ಸಂಜೆಯ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳಬಲ್ಲ ವೈದ್ಯರು ದಯವಿಟ್ಟು ತಮ್ಮ ಊರು ಮತ್ತು ಅನುಕೂಲದ ವಾರವನ್ನು ತಿಳಿಸಬೇಕಾಗಿ ವಿನಂತಿ. ಕಾಲೇಜಿನ ಅನುಮತಿ ಪತ್ರವನ್ನು ನಾನು ಒದಗಿಸುತ್ತೇನೆ.