ಸಹಾಯ ಬೇಕು: ಡಿಸ್ಕ್ ಗಾಲ್ಫ್ ಪಟಿಂಗ್ ಹಿಡಿತ ಬದಲಿಸಬೇಕೇ?

ಪುಣೆಯ ಕನ್ನಡ ಬಳಗದ ಎಲ್ಲರಿಗೂ ನಮಸ್ಕಾರ. ಕೋಥ್ರೂಡಿನ ನಮ್ಮ ಮನೆಯ ಬಳಿಯ ಬಯಲಿನಲ್ಲಿ ಸರಪಳಿ ಬುಟ್ಟಿಯೊಂದನ್ನು ಇಟ್ಟುಕೊಂಡು ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕನ್ನು ಬುಟ್ಟಿಗೆ ಎಸೆಯುವ ಆಟ) ಅಭ್ಯಾಸ ಮಾಡುತ್ತಿರುವ ನನಗೆ, ಪಟಿಂಗ್ ವೇಳೆ, ಅಂದರೆ ಹತ್ತಿರದಿಂದ ಬುಟ್ಟಿಗೆ ಎಸೆಯುವಾಗ, ಡಿಸ್ಕ್ ಹಿಡಿಯುವ ರೀತಿಯನ್ನು ಬದಲಿಸಬೇಕೇ ಎಂಬ ವಿಷಯದಲ್ಲಿ ಅನುಭವಿಗಳ ಸಲಹೆ ಬೇಕಾಗಿದೆ.

ಈಗ ನಾನು ನಾಲ್ಕೂ ಬೆರಳುಗಳನ್ನು ಅಂಚಿನ ಒಳಬದಿಗೆ ಮಡಚಿ ಹಿಡಿಯುವ ಪವರ್ ಗ್ರಿಪ್ಪನ್ನೇ ಪಟಿಂಗಿಗೂ ಬಳಸುತ್ತೇನೆ. ಇದರಿಂದ ಡಿಸ್ಕ್ ಚೆನ್ನಾಗಿ ತಿರುಗುತ್ತದೆ, ಗಾಳಿಯಲ್ಲಿಯೂ ದಾರಿ ತಪ್ಪುವುದು ಕಡಿಮೆ. ಆದರೆ ಐದಾರು ಮೀಟರಿನಿಂದ ಮೆಲ್ಲಗೆ ಎಸೆಯುವಾಗ ಅದು ಕೈಯಿಂದ ತಡವಾಗಿ ಬಿಟ್ಟುಕೊಂಡು ಬುಟ್ಟಿಯ ಬಲಕ್ಕೆ ಹೋಗುತ್ತದೆ. ಬೆರಳುಗಳನ್ನು ಡಿಸ್ಕಿನ ತಳಕ್ಕೆ ಬೀಸಣಿಗೆಯಂತೆ ಹರಡುವ ಫ್ಯಾನ್ ಗ್ರಿಪ್‌ನಲ್ಲಿ ಡಿಸ್ಕ್ ಹಗುರವಾಗಿ ಬಿಟ್ಟುಕೊಳ್ಳುತ್ತದೆ, ಮೂತಿಯ (ಡಿಸ್ಕಿನ ಮುಂದಿನ ಅಂಚಿನ) ಕೋನದ ಮೇಲೂ ಹತೋಟಿ ಹೆಚ್ಚು. ಆದರೆ ತಿರುಗುವಿಕೆ ಕಡಿಮೆಯಾಗುವುದರಿಂದ, ಮಳೆಗಾಲದಲ್ಲಿ ಪಶ್ಚಿಮದಿಂದ ಬೀಸುವ ಎದುರುಗಾಳಿಗೆ ಮೂತಿ ಸ್ವಲ್ಪ ಮೇಲೆದ್ದರೂ ಡಿಸ್ಕ್ ಬುಟ್ಟಿಯ ಮೇಲಿಂದ ಹಾರಿಹೋದೀತೆಂಬ ಅಳುಕಿದೆ.

ಬುಟ್ಟಿಯಿಂದ 10 ಮೀಟರಿನೊಳಗೆ ಎಸೆದ ಬಳಿಕ ಸಮತೋಲನ ತೋರಿಸದೆ ಮುಂದೆ ಹೆಜ್ಜೆಯಿಡುವಂತಿಲ್ಲವಾದ್ದರಿಂದ, ಅಲ್ಲಿ ದೇಹದ ಬಲಕ್ಕಿಂತ ಬೆರಳುಗಳ ಕೆಲಸವೇ ಮುಖ್ಯವೆಂಬುದು ನನ್ನ ಅಭಿಪ್ರಾಯ. ಹಾಗಿರುವಾಗ ಆ ವೃತ್ತದೊಳಗೆ ಮಾತ್ರ ಫ್ಯಾನ್ ಗ್ರಿಪ್, ಹೊರಗೆ ಹಳೆಯ ಹಿಡಿತ ಎಂದು ಎರಡನ್ನೂ ಇಟ್ಟುಕೊಳ್ಳುವುದು ಸರಿಯೇ, ಅಥವಾ ಒಂದನ್ನೇ ರೂಢಿಸಿಕೊಳ್ಳಬೇಕೇ? ತೋರುಬೆರಳನ್ನು ಅಂಚಿನ ಹೊರಬದಿಗೆ ಇಟ್ಟು ಉಳಿದವನ್ನು ಹರಡುವ ಹಿಡಿತವನ್ನು ಯಾರಾದರೂ ಮಳೆಯಲ್ಲಿ ಒದ್ದೆ ಕೈಯಿಂದ ಪರೀಕ್ಷಿಸಿದ್ದೀರಾ?

ನಾನು ಬಲಗೈ ಆಟಗಾರ. ಪಟಿಂಗಿಗೆ ಬಳಸುವ ಡಿಸ್ಕ್ (ಪಟರ್) 174 ಗ್ರಾಂ ತೂಕದ್ದು. ಬಲ್ಲವರು ಯಾರಾದರೂ ರಜಾದಿನದ ಬೆಳಗ್ಗೆ ಬಂದು ನನ್ನ ಎಸೆತವನ್ನು ಕಣ್ಣಾರೆ ನೋಡಿ ತಿದ್ದುವುದಾದರೆ ದೊಡ್ಡ ಉಪಕಾರವಾಗುತ್ತದೆ.